ಒಂದೂವರೆ ಅಡಿಯ ಕಣದಲ್ಲಿ ಡೆಂಪ್ಸಿ, ಲೂಯಿಸ್, ಅಲಿ: ಹಲಗೆಯಾಟವೊಂದನ್ನು ಕಟ್ಟಿದ ದಾಖಲೆ

ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರುಗಳನ್ನು ಒಂದೇ ಕಣಕ್ಕೆ ಇಳಿಸಿ ಆಡಬಹುದಾದ ಮರದ ಹಲಗೆಯಾಟವೊಂದನ್ನು ಕಳೆದ ಮಳೆಗಾಲದಲ್ಲಿ ಆರಂಭಿಸಿ ಈ ಬೇಸಿಗೆಯ ಹೊತ್ತಿಗೆ ಬಳಕೆಗೆ ತಂದಿದ್ದೇನೆ. ಕೆಲಸ ನಡೆದದ್ದು ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ. ಕಡೆತ, ಮುದ್ರಣ ಮತ್ತು ಸಾಮಾನು ಖರೀದಿ ಶಿವಮೊಗ್ಗದಲ್ಲಿ ಆದವು. ಮರಗೆಲಸಕ್ಕಿಂತ ಅಂಕಿಗಳ ಕೆಲಸವೇ ಹೆಚ್ಚು ಕಾಲ ಹಿಡಿಯಿತಾದ್ದರಿಂದ ಈ ದಾಖಲೆಯಲ್ಲಿಯೂ ಅದಕ್ಕೇ ಹೆಚ್ಚು ಜಾಗ ಸಂದಿದೆ. ಇಂಥದೊಂದನ್ನು ಕಟ್ಟಲು ಹೊರಡುವವರಿಗೆ ಉಪಯೋಗವಾಗಲೆಂದು, ಕೈಗೂಡದೆ ಹೋದ ಕ್ರಮಗಳನ್ನು ಅವುಗಳ ಕಾರಣದೊಡನೆ ಬರೆದಿದ್ದೇನೆ.

1. ಏನನ್ನು ಕಟ್ಟುವುದು ಎಂಬ ತೀರ್ಮಾನ

ಈ ಬಗೆಯ ಕಾಲ್ಪನಿಕ ಪಂದ್ಯಗಳನ್ನು ಯಂತ್ರಕ್ಕೆ ಒಪ್ಪಿಸಿ ಹೆಸರಾದವರು ಅಮೆರಿಕದ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್. 1967ರಲ್ಲಿ ಅವರು 16 ಮಂದಿ ಹೆವಿವೇಟ್ ಬಾಕ್ಸರುಗಳ ವಿವರಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಕೊಟ್ಟು, ಅದರಿಂದ ಬಂದ ಫಲಿತಾಂಶಗಳನ್ನು ನಿಜವಾದ ಪಂದ್ಯಗಳಂತೆ ವರ್ಣಿಸಿ ಪ್ರಸಾರ ಮಾಡಿದರು. ಆ ಪಂದ್ಯಾವಳಿಯಲ್ಲಿ ಮುಹಮ್ಮದ್ ಅಲಿ ಜೇಮ್ಸ್ ಜೆಫ್ರೀಸ್‌ಗೆ ಸೋತರು. ಅಂತಿಮ ಪಂದ್ಯದಲ್ಲಿ ರಾಕಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದರು. ತಮ್ಮ ಹೆಸರಿಗೆ ಕುಂದಾಯಿತೆಂದು ಅಲಿ 10 ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ಅದು ರಾಜಿಯಲ್ಲಿ ಮುಗಿದು, 1969ರಲ್ಲಿ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಸ್ಟುಡಿಯೊ ಒಂದರಲ್ಲಿ ಎದುರುಬದುರಾಗಿ ಚಿತ್ರೀಕರಣಕ್ಕೆ ನಿಂತರು. ಅದೇ ವರ್ಷದ ಆಗಸ್ಟ್ 31ರಂದು ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1970ರ ಜನವರಿ 20ರಂದು ಚಿತ್ರ ತೆರೆ ಕಂಡಾಗ ಅಮೆರಿಕದ ಪ್ರೇಕ್ಷಕರು ನೋಡಿದ್ದು 13ನೇ ರೌಂಡಿನಲ್ಲಿ ಅಲಿ ಕೆಳಗುರುಳುವ ಅಂತ್ಯವನ್ನು. ಅಲಿ ಗೆಲ್ಲುವ ಇನ್ನೊಂದು ಅಂತ್ಯವೂ ಚಿತ್ರೀಕರಣವಾಗಿತ್ತು.

ಆ ಯಂತ್ರದ ಹೊಟ್ಟೆಯೊಳಗೆ ಯಾವ ಊಹೆಗಳಿದ್ದವು ಎಂಬುದು ಕೇಳುಗರಿಗೆ ಕಾಣುವಂತಿರಲಿಲ್ಲ. ನನಗೆ ಬೇಕಾದದ್ದು ಅದಕ್ಕೆ ವಿರುದ್ಧವಾದದ್ದು: ಪ್ರತಿಯೊಂದು ಊಹೆಯೂ ಹಲಗೆಯ ಮೇಲೋ ಕಾರ್ಡಿನ ಮೇಲೋ ಬರೆದು ಕಾಣಬೇಕು, ಒಪ್ಪದವರು ಅದನ್ನು ಬದಲಿಸಿ ಮತ್ತೆ ಆಡಲು ಬರಬೇಕು. ಆದುದರಿಂದ ಕಂಪ್ಯೂಟರನ್ನು ಬಿಟ್ಟು ಮರ ಮತ್ತು ದಾಳವನ್ನು ಆರಿಸಿಕೊಂಡೆ. ಇನ್ನೊಂದು ಷರತ್ತನ್ನೂ ಆಗಲೇ ಹಾಕಿಕೊಂಡೆ: ನಿಜವಾಗಿ ನಡೆದ ಪಂದ್ಯಗಳನ್ನು ಹಲಗೆಯ ಮೇಲೆ ಆಡಿದಾಗ ಅವು ನಡೆದ ರೀತಿಗೆ ಹತ್ತಿರವಾಗಿ ಬರುವ ತನಕ ನಡೆಯದ ಪಂದ್ಯವನ್ನು ಆಡಿಸಕೂಡದು. ಇಡೀ ಕೆಲಸದಲ್ಲಿ ಕೈಹಿಡಿದು ನಡೆಸಿದ್ದು ಈ ಷರತ್ತೇ.

2. ಹಲಗೆ

1867ರ ಕ್ವೀನ್ಸ್‌ಬೆರಿ ನಿಯಮಗಳ ಮೊದಲ ಕಲಮು 24 ಅಡಿ ಚೌಕದ ಕಣವನ್ನು ಹೇಳುತ್ತದೆ. ಇಂದಿನ ಕಣಗಳು ಸಾಮಾನ್ಯವಾಗಿ ಅದಕ್ಕಿಂತ ಕಿರಿದು. ಹಗ್ಗದ ಒಳಗೆ 16ರಿಂದ 20 ಅಡಿ ಇರುವುದೇ ಹೆಚ್ಚು. ಕಣದ ಅಳತೆ ಓಡಾಡಿ ಕಾದುವವನಿಗೂ ನುಗ್ಗಿ ಕಾದುವವನಿಗೂ ಒಂದೇ ಫಲ ಕೊಡುವುದಿಲ್ಲವಾದ್ದರಿಂದ ಒಂದೇ ಹಲಗೆಯಲ್ಲಿ ಮೂರು ಅಳತೆಗಳು ಬರುವಂತೆ ಮಾಡಬೇಕಾಯಿತು. ಒಂದು ಅಡಿಗೆ ಮುಕ್ಕಾಲು ಇಂಚು ಎಂದು ಲೆಕ್ಕ ಹಿಡಿದೆ. 24 ಅಡಿಯ ಕಣ 18 ಇಂಚು ಆಗುತ್ತದೆ. ಎರಡು ಅಡಿಗೆ ಒಂದು ಮನೆಯಂತೆ ಒಂದೂವರೆ ಇಂಚಿನ 12 × 12 ಮನೆಗಳು ಬರುತ್ತವೆ. ಸುತ್ತಲೂ ಒಂದೊಂದು ಸಾಲು ಬಿಟ್ಟರೆ 20 ಅಡಿಯ ಕಣ, ಇನ್ನೊಂದು ಸಾಲು ಬಿಟ್ಟರೆ 16 ಅಡಿಯ ಕಣ. ಮೂರಕ್ಕೂ ಮೂಲೆಗಳಲ್ಲಿ ಕಂಬದ ತೂತುಗಳು, ಒಟ್ಟು 12. ಹೊರಗೆ ನಾಲ್ಕೂ ಬದಿಗೆ ಎರಡೆರಡು ಇಂಚಿನ ಅಂಚು ಸೇರಿ ಹಲಗೆಯ ಅಳತೆ 22 ಇಂಚು ಚೌಕ.

ಮರಕ್ಕೆ ಹಲಸನ್ನು ಆರಿಸಿದೆ. 22 ಇಂಚು ಅಗಲದ ಒಂದೇ ಹಲಗೆ ಸಿಗುವ ಮಾತಿಲ್ಲ. ಹನ್ನೊಂದೂವರೆ ಇಂಚು ಅಗಲ, ಒಂದು ಇಂಚು ದಪ್ಪದ ಎರಡು ತುಂಡುಗಳನ್ನು 1,200 ರೂಪಾಯಿಗೆ ತಂದು, ಯಂತ್ರದಲ್ಲಿ ಹೆರೆಸಿ (ಕೂಲಿ 150), ಅಂಚಿಗೆ ಅಂಚು ಅಂಟಿಸಿ, ಅಡಿಯಲ್ಲಿ ನಾರಿಗೆ ಅಡ್ಡವಾಗಿ ಎರಡು ರೀಪುಗಳನ್ನು ಅಂಟು ಹಾಕಿ ಬಿಗಿದೆ. ಇದು ಆಷಾಢದ ಮಾತು. ಮಲೆನಾಡಿನ ಮಳೆಗಾಲದಲ್ಲಿ ಮರ ಗಾಳಿಯ ತೇವವನ್ನು ಕುಡಿದು ಅಗಲದ ದಿಕ್ಕಿನಲ್ಲಿ ಉಬ್ಬಿರುತ್ತದೆ. ಪುಷ್ಯಮಾಸದ ಒಣಗಾಳಿ ಬೀಸಿದಾಗ ಹಲಗೆ ಕುಗ್ಗಲು ನೋಡಿತು, ಅಂಟಿದ ರೀಪುಗಳು ಬಿಡಲಿಲ್ಲ. ಕೂಡಿಸಿದ ಗೆರೆಯಲ್ಲಿಯೇ ಒಂದು ತುದಿಯಿಂದ ಸುಮಾರು ಏಳು ಇಂಚು ಉದ್ದಕ್ಕೆ ಬಿರುಕು ಬಿಟ್ಟಿತು. ರೀಪುಗಳನ್ನು ಉಳಿಯಿಂದ ಎಬ್ಬಿಸಿ, ಗೆರೆಯುದ್ದಕ್ಕೂ ಗರಗಸ ಆಡಿಸಿ, ಅಂಚುಗಳನ್ನು ಮತ್ತೆ ಹೆರೆದು ಒಣ ಹವೆಯಲ್ಲಿ ಅಂಟಿಸಿದೆ. ಈ ಸಲ ರೀಪುಗಳಿಗೆ ಅಂಟು ಹಾಕದೆ ಸ್ಕ್ರೂ ಮಾತ್ರ ಬಳಸಿದೆ. ನಡುವಿನ ತೂತನ್ನು ಬಿಗಿಯಾಗಿ ಇಟ್ಟು, ಉಳಿದವುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸುಮಾರು 10 ಮಿಲಿಮೀಟರ್ ಉದ್ದನೆಯ ಸೀಳುಗಳಾಗಿ ಕೊರೆದೆ. ಹಲಗೆ ಹಿಗ್ಗಿದರೂ ಕುಗ್ಗಿದರೂ ಸ್ಕ್ರೂ ಸೀಳಿನೊಳಗೆ ಸರಿಯುತ್ತದೆ. ಇದು ಈವರೆಗೆ ಬಾಗಿಲ್ಲ. ನಮ್ಮ ಕಡೆಯವರು ಯಾರೇ ಅಗಲವಾದ ಹಲಗೆ ಕೂಡಿಸುವುದಾದರೂ ಈ ಸೀಳುಗಳನ್ನು ಬಿಡಬಾರದು.

ಮನೆಗಳ ಗೆರೆಗಳನ್ನು ಗೀಟುಮಣೆಯಿಂದ ಕೊರೆದು, ಅವುಗಳಲ್ಲಿ ಕಾಡಿಗೆ ತುಂಬಿ, ಮೇಲೆ ಅರಗಿನ ಪಾಲಿಶ್ ಕೊಟ್ಟೆ. ನಾಲ್ಕು ಇಂಚಿನ ನಾಲ್ಕು ಕಂಬಗಳನ್ನು ಶಿವಮೊಗ್ಗದಲ್ಲಿ 320 ರೂಪಾಯಿಗೆ ಕಡೆಸಿದೆ. ಪ್ರತಿ ಕಂಬಕ್ಕೂ ಒಂದೊಂದು ಬಿರಡೆಯಿದೆ; ಹತ್ತಿಯ ದಾರದ ಹಗ್ಗವನ್ನು ಅದರಿಂದ ಬಿಗಿ ಅಥವಾ ಸಡಿಲ ಮಾಡಬಹುದು. ಇದು ಅಲಂಕಾರವಲ್ಲ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಸಡಿಲವಾಗಿದ್ದ ಹಗ್ಗಕ್ಕೆ ಬೆನ್ನೊಡ್ಡಿ ಹಿಂದಕ್ಕೆ ವಾಲಿದ್ದರಿಂದಲೇ ಅಲಿಯ ತಲೆ ಜಾರ್ಜ್ ಫೋರ್ಮನ್ ಅವರ ಹೊಡೆತಗಳಿಗೆ ಎಟುಕದೆ ಉಳಿಯಿತು. ಹಗ್ಗ ಸಡಿಲವೆಂದು ಗೊತ್ತುಮಾಡಿದ ಆಟದಲ್ಲಿ ಅಂಚಿನ ಮನೆಯಲ್ಲಿರುವವನಿಗೆ ತಲೆಯ ಹೊಡೆತದಿಂದ ಒಂದಂಶ ರಕ್ಷಣೆ ಸಿಗುತ್ತದೆ.

3. ಕವಡೆ ಬಿಟ್ಟು ದಾಳ

ಚೌಕಾಬಾರ ಆಡಿ ಬೆಳೆದ ಮನೆಯಾದ್ದರಿಂದ ಮೊದಲಿಗೆ ನಾಲ್ಕು ಕವಡೆಗಳನ್ನೇ ಬಳಸಿ ನೋಡಿದೆ. ಕವಡೆ ಅಂಗಾತ ಬೀಳುವ ಮತ್ತು ಬೋರಲು ಬೀಳುವ ಸಂಭವ ಸಮವಲ್ಲ. ಅದೂ ಕವಡೆಯಿಂದ ಕವಡೆಗೆ ಬೇರೆ. ಮನೆಯ ಹಳೆಯ ಕವಡೆಗಳಲ್ಲಿ ನಾಕೌಟುಗಳು ಸಾಲುಸಾಲಾಗಿ ಬಂದರೆ ಹೊಸ ಕವಡೆಗಳಲ್ಲಿ ಪಂದ್ಯಗಳು ಕೊನೆಯ ರೌಂಡಿನ ತನಕ ಎಳೆದವು. ಪ್ರತಿ ಊಹೆಯೂ ಕಾಣಬೇಕೆಂಬ ನಿಯಮಕ್ಕೆ ಇದು ಹೊಂದುವುದಿಲ್ಲ. ಕೆಂಪು ಮತ್ತು ಬಿಳಿಯ ಎರಡು ಸಾಮಾನ್ಯ ದಾಳಗಳನ್ನು ತಂದೆ. ಕೆಂಪನ್ನು ಹತ್ತರ ಸ್ಥಾನಕ್ಕೂ ಬಿಳಿಯನ್ನು ಬಿಡಿಯ ಸ್ಥಾನಕ್ಕೂ ಓದಿದರೆ 11ರಿಂದ 66ರವರೆಗೆ 36 ಫಲಗಳು, ಎಲ್ಲವೂ ಸಮ ಸಂಭವದವು.

ಮೂರು ನಿಮಿಷದ ರೌಂಡನ್ನು ಅರ್ಧರ್ಧ ನಿಮಿಷದ ಆರು ಸರದಿಗಳಾಗಿ ಒಡೆದೆ. ಪ್ರತಿ ಸರದಿಯಲ್ಲಿ ಇಬ್ಬರೂ ಮೊದಲು ಕಾಯಿ ನಡೆಸುತ್ತಾರೆ, ಬಳಿಕ ದಾಳ ಹಾಕುತ್ತಾರೆ. ಇಬ್ಬರ ನಡುವೆ ಒಂದು ಮನೆ ಖಾಲಿ ಇದ್ದರೆ ತೋಳಳತೆಯ ಹೊಡೆದಾಟ. ಮನೆಗಳು ತಾಗಿದ್ದರೆ ಒಳಹೊಡೆದಾಟ ಅಥವಾ ಹಿಡಿತ. ಅದಕ್ಕಿಂತ ದೂರವಿದ್ದರೆ ಏನೂ ಇಲ್ಲ.

4. ಒಂದೇ ಅಂಕಿಯ ಕಾರ್ಡು: ಕೈಗೂಡಲಿಲ್ಲ

ಮೊದಲ ಕಂತಿನ ಕಾರ್ಡುಗಳಲ್ಲಿ ಪ್ರತಿ ಬಾಕ್ಸರನಿಗೂ ನೂರರಲ್ಲಿ ಇಷ್ಟು ಎಂದು ಒಂದೇ ಒಟ್ಟು ಬಲವಿತ್ತು. ಇಬ್ಬರ ಬಲದ ಅಂತರ ನೋಡಿ, ದಾಳದ ಫಲವನ್ನು ಅಷ್ಟು ಏರಿಸಿ ಇಳಿಸಿ ಓದುವುದು. ಈ ಕ್ರಮ ಮೂರು ನಿಜ ಪಂದ್ಯಗಳ ಮುಂದೆಯೇ ಬಿದ್ದುಹೋಯಿತು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್ ಅಲಿಯನ್ನು 15 ರೌಂಡುಗಳಲ್ಲಿ ಅಂಕಗಳಿಂದ ಗೆದ್ದರು. 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫೋರ್ಮನ್ ಅದೇ ಫ್ರೇಜಿಯರನ್ನು ಎರಡು ರೌಂಡಿನೊಳಗೆ ಆರು ಬಾರಿ ಕೆಡವಿ ಗೆದ್ದರು. ಮರುವರ್ಷ ಅಲಿ ಫೋರ್ಮನ್ ಅವರನ್ನು 8ನೇ ರೌಂಡಿನಲ್ಲಿ ಮಲಗಿಸಿದರು. ಅಲಿಗಿಂತ ಫ್ರೇಜಿಯರ್, ಫ್ರೇಜಿಯರ್‌ಗಿಂತ ಫೋರ್ಮನ್, ಫೋರ್ಮನ್‌ಗಿಂತ ಅಲಿ. ಒಂದು ಸಾಲಿನಲ್ಲಿ ನಿಲ್ಲಿಸಿದ ಯಾವ ಮೂರು ಅಂಕಿಗಳಿಂದಲೂ ಈ ಚಕ್ರ ಹುಟ್ಟುವುದಿಲ್ಲ. ಅಂಕಿಗಳನ್ನು ಎಷ್ಟು ತಿದ್ದಿದರೂ ಒಂದು ಪಂದ್ಯ ಸರಿಯಾದರೆ ಇನ್ನೊಂದು ಕೆಡುತ್ತಿತ್ತು.

ಬೇಕಾದದ್ದು ಬಲದ ಅಳತೆಗಿಂತ ವರಸೆಯ ಅಳತೆ. ಫ್ರೇಜಿಯರ್ ಬಗ್ಗಿ ತೂಗುತ್ತ ನೇರವಾಗಿ ಒಳನುಗ್ಗುವವರು. ಹಿಂದೆ ಸರಿಯುತ್ತಲೇ ಕೈಯನ್ನು ಕೆಳಗಿಡುವ ಅಲಿಗೆ ಅವರ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ) ತಗಲುತ್ತದೆ. ಅದೇ ಫ್ರೇಜಿಯರ್ ಫೋರ್ಮನ್ ಕಡೆಗೆ ಬಗ್ಗಿ ಬಂದಾಗ ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್‌ಗೆ ಮುಖವನ್ನು ತಾವಾಗಿ ಒಪ್ಪಿಸುತ್ತಾರೆ. ಫೋರ್ಮನ್ ಅವರ ಅಗಲವಾದ ಬೀಸುಗಳಾದರೋ ಕೈಚಳಕದ, ದಮ್ಮುಳ್ಳ ಅಲಿಯ ಮುಂದೆ ಗಾಳಿಯನ್ನೂ ತೋಳನ್ನೂ ಹೊಡೆದು ಬಳಲುತ್ತವೆ. ಹೀಗಾಗಿ ಬಾಕ್ಸರುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ನುಗ್ಗುವವರು, ಸುತ್ತುವವರು, ಬೀಸುವವರು, ಹೊಂಚುವವರು. ಜೋ ಲೂಯಿಸ್ ಮತ್ತು ಜ್ಯಾಕ್ ಜಾನ್ಸನ್ ಕೊನೆಯ ಬಗೆಗೆ ಸೇರಿದರು. ಬಗೆಗೆ ಬಗೆ ಎದುರಾದಾಗ 16 ಕೋಷ್ಟಕಗಳು, ಒಂದೊಂದರಲ್ಲಿ 36 ಫಲಗಳು. ಒಟ್ಟು 576 ಮನೆಗಳನ್ನು ತುಂಬಬೇಕಾಯಿತು. ಇಡೀ ಆಟದಲ್ಲಿ ಅತ್ಯಂತ ದೀರ್ಘವಾದ ಕೆಲಸವಿದು, ಅತ್ಯಂತ ತೃಪ್ತಿ ಕೊಟ್ಟದ್ದೂ ಇದೇ. ಕಾರ್ಡಿನ ಮೇಲೆ ಒಟ್ಟು ಬಲ ಹೋಗಿ ಹೊಡೆತ, ತಾಳಿಕೆ, ಕೈವೇಗ, ಕಾಲ್ನಡೆ, ರಕ್ಷಣೆ, ದಮ್ಮು, ಚರ್ಮ ಎಂಬ ಏಳು ಅಂಶಗಳು ಬಂದವು. ಚರ್ಮವೆಂದರೆ ಗಾಯವಾಗುವ ಸುಲಭತೆ. 1954ರ ಸೆಪ್ಟೆಂಬರಿನಲ್ಲಿ ಎಜಾರ್ಡ್ ಚಾರ್ಲ್ಸ್ ಎದುರು ಮೂಗು ಸೀಳಿಹೋದ ಮೇಲೂ ಮಾರ್ಸಿಯಾನೊ 8ನೇ ರೌಂಡಿನಲ್ಲಿ ಗೆದ್ದ ಪಂದ್ಯವನ್ನು ಆಡಿಸಬೇಕಾದರೆ ಈ ಅಂಶ ಅನಿವಾರ್ಯ.

ಇದಾದ ಮೇಲೆ ಆ ಮೂರು ಪಂದ್ಯಗಳೂ ಹತ್ತರಲ್ಲಿ ಆರೇಳು ಬಾರಿ ನಡೆದಂತೆಯೇ ನಡೆದವು. ಅದಕ್ಕಿಂತ ಹೆಚ್ಚು ಬೇಕೆಂದು ನಾನು ಬಯಸಲಿಲ್ಲ. ಹತ್ತಕ್ಕೆ ಹತ್ತು ಬರುವ ಆಟದಲ್ಲಿ ಕಾದಾಟವೇ ಇರುವುದಿಲ್ಲ.

5. ಕಾರ್ಡು ಮನುಷ್ಯನದಲ್ಲ, ಒಂದು ರಾತ್ರಿಯದು

ಎರಡನೆಯ ತೊಡಕು ಇನ್ನೂ ಆಳವಾದದ್ದು. ಅಲಿಯ ಕಾರ್ಡಿನಲ್ಲಿ ಇಡೀ ವೃತ್ತಿಜೀವನದ ಸರಾಸರಿಯನ್ನು ಬರೆದಿದ್ದೆ. 1966ರ ನವೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನು ಮೂರು ರೌಂಡಿನೊಳಗೆ ಮುಗಿಸಿದ ಅಲಿಯನ್ನು, 1980ರ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು 10 ರೌಂಡು ಏಟು ತಿಂದು ಸ್ಟೂಲಿನಿಂದ ಏಳಲಾಗದ ಅಲಿಯೊಂದಿಗೆ ಕೂಡಿಸಿ ಭಾಗಿಸಿದರೆ ಬರುವ ಮನುಷ್ಯ ಯಾವ ದಿನವೂ ಬದುಕಿರಲಿಲ್ಲ. ಲೂಯಿಸ್ ವಿಷಯದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. 1936ರ ಜೂನಿನಲ್ಲಿ ಅವರು ಮ್ಯಾಕ್ಸ್ ಶ್ಮೆಲಿಂಗ್ ಎದುರು 12ನೇ ರೌಂಡಿನಲ್ಲಿ ಬಿದ್ದರು. ಜ್ಯಾಬ್ (ಮುಂದಿನ ಕೈಯ ಚುಟುಕು ನೇರ ಹೊಡೆತ) ಹಾಕಿದ ಮೇಲೆ ಅವರ ಎಡಗೈ ಕೆಳಗಿಳಿಯುವುದನ್ನು ಶ್ಮೆಲಿಂಗ್ ಮೊದಲೇ ಕಂಡುಕೊಂಡು ಅಲ್ಲಿಗೇ ಬಲಗೈ ಹೊಡೆದರು. 1938ರ ಜೂನ್ 22ರಂದು ಅದೇ ಎದುರಾಳಿಯನ್ನು ಲೂಯಿಸ್ 124 ಸೆಕೆಂಡುಗಳಲ್ಲಿ ಮುಗಿಸಿದರು. ಹೆಸರು ಒಂದೇ ಆದರೂ ಕಾರ್ಡು ಎರಡಾಗಲೇಬೇಕು.

ಅಲ್ಲಿಂದ ಮುಂದೆ ಪ್ರತಿ ಕಾರ್ಡಿನ ತಲೆಯ ಮೇಲೂ ಹೆಸರಿನ ಜೊತೆಗೆ ಒಂದು ದಿನಾಂಕ ಬಂತು. ಡೆಂಪ್ಸಿ, 4 ಜುಲೈ 1919. ಮಾರ್ಸಿಯಾನೊ, 23 ಸೆಪ್ಟೆಂಬರ್ 1952. ಸನ್ನಿ ಲಿಸ್ಟನ್, 25 ಸೆಪ್ಟೆಂಬರ್ 1962. ಫೋರ್ಮನ್, 22 ಜನವರಿ 1973. ಮೈಕ್ ಟೈಸನ್, 27 ಜೂನ್ 1988, ಅಂದರೆ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡುಗಳಲ್ಲಿ ಕೆಡವಿದ ದಿನ. ದಿನಾಂಕ ಬಂದೊಡನೆ ಜಗಲಿಯ ಮೇಲಿನ ವಾದಗಳ ಸ್ವರೂಪವೇ ಬದಲಾಯಿತು. ಟೈಸನ್ ದೊಡ್ಡವರೋ ಅಲಿ ದೊಡ್ಡವರೋ ಎಂದು ಕೇಳುತ್ತಿದ್ದವರು, 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್‌ಗೆ ಸೋತ ಟೈಸನ್ ಯಾಕೆ ಬೇರೆ ಕಾರ್ಡಾಗಬೇಕು ಎಂದು ವಿಚಾರಿಸತೊಡಗಿದರು. ನನ್ನ ಮಟ್ಟಿಗೆ ಇದೇ ಈ ಕೆಲಸದ ಮುಖ್ಯ ಲಾಭ.

ಕಾರ್ಡುಗಳ ಕಾಗದದ ಬಗ್ಗೆ ಒಂದು ಮಾತು: ಸಾಮಾನ್ಯ ಕಾಗದದ ಮೊದಲ ಕಂತು ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡು ಹಾಳಾಯಿತು. ಎರಡನೆಯ ಕಂತನ್ನು 300 ಜಿಎಸ್‌ಎಂ ಕಾಗದದಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಲು 640 ರೂಪಾಯಿ ಹಿಡಿಯಿತು. ಕಾಯಿಗಳಿಗೆ ಅಡಿಕೆ ಹಾಳೆಯ ಬಿಲ್ಲೆಗಳನ್ನು ಮಾಡಿದ್ದೆ. ಬೂಸ್ಟು ಹಿಡಿದುದರಿಂದ ಉಳಿಕೆ ಹಲಸಿನ ತುಂಡುಗಳಿಗೆ ಹೋದೆ.

6. ತೂಕ

1919ರಲ್ಲಿ ಡೆಂಪ್ಸಿಯ ತೂಕ 187 ಪೌಂಡ್, ಸುಮಾರು 85 ಕಿಲೊ. 1952ರ ಮಾರ್ಸಿಯಾನೊ 184 ಪೌಂಡ್. 2002ರಲ್ಲಿ ಟೈಸನ್ ಅವರನ್ನು ಸೋಲಿಸಿದ ಲೆನಾಕ್ಸ್ ಲೂಯಿಸ್ 249 ಪೌಂಡ್, ಅಂದರೆ 113 ಕಿಲೊ. ಇಂದು 200 ಪೌಂಡಿನೊಳಗಿನವರು ಕ್ರೂಸರ್‌ವೇಟ್ ಎಂಬ ಬೇರೆ ವರ್ಗದಲ್ಲಿ ಕಾದಬಹುದು. ಡೆಂಪ್ಸಿ, ಮಾರ್ಸಿಯಾನೊ, 1938ರ ಜೋ ಲೂಯಿಸ್ ಮೂವರೂ ಆ ವರ್ಗಕ್ಕೇ ಬರುತ್ತಾರೆ. ಹಾಗಿದ್ದಮೇಲೆ ಪ್ರತಿ 10 ಪೌಂಡು ಅಂತರಕ್ಕೆ ಹೊಡೆತದಲ್ಲಿ ಒಂದಂಶ ಹೆಚ್ಚಳವೆಂದು ಇಟ್ಟೆ. ಇದು 1919ರ ಜುಲೈ 4ರಂದು ಅಮೆರಿಕದ ಟೊಲೀಡೊದಲ್ಲಿ ನಡೆದ ಪಂದ್ಯದ ಪರೀಕ್ಷೆಯಲ್ಲಿ ಕುಸಿಯಿತು. ಅಲ್ಲಿ 245 ಪೌಂಡಿನ, ಆರೂವರೆ ಅಡಿ ಎತ್ತರದ ಜೆಸ್ ವಿಲ್ಲರ್ಡ್ ಅವರನ್ನು ಡೆಂಪ್ಸಿ ಮೊದಲ ರೌಂಡಿನಲ್ಲೇ ಏಳು ಬಾರಿ ಕೆಡವಿದ್ದರು. ನನ್ನ ಹಲಗೆಯ ಮೇಲೆ ವಿಲ್ಲರ್ಡ್ ಮತ್ತೆ ಮತ್ತೆ ಗೆಲ್ಲುತ್ತಿದ್ದರು.

ದಾರಿ ತೋರಿದವರು ಶಿವಮೊಗ್ಗದ ಗರಡಿಯೊಂದರಲ್ಲಿ ಬಹುಕಾಲ ಪಟ್ಟು ಹೇಳಿಕೊಟ್ಟ, ಜಾತ್ರೆಯ ಕುಸ್ತಿಗಳಲ್ಲಿ ಪಳಗಿದ ಹಿರಿಯ ಉಸ್ತಾದರು. ಬಾಕ್ಸಿಂಗ್ ಅವರ ವಿದ್ಯೆಯಲ್ಲ. ಕೋಷ್ಟಕವನ್ನು ಓದಿಸಿ ಕೇಳಿ, ತೂಕ ಕೆಲಸ ಮಾಡುವುದು ಹಿಡಿದಾಗ, ಬಿಟ್ಟಾಗಲ್ಲ ಎಂದರು. ಅದರಂತೆ ತೂಕದ ಹೆಚ್ಚಳವನ್ನು ಹೊಡೆತದಿಂದ ತೆಗೆದು ಹಿಡಿತಕ್ಕೆ ಹಾಕಿದೆ: ಮನೆಗಳು ತಾಗಿ ಹಿಡಿತ ಬಿದ್ದಾಗ ಹಗುರದವನು ದಮ್ಮಿನಲ್ಲಿ ಅಂಶ ಕಳೆದುಕೊಳ್ಳುತ್ತಾನೆ, ಅಂತರ ಹೆಚ್ಚಿದಷ್ಟೂ ಹೆಚ್ಚು. ದೂರವಿದ್ದು ಚುರುಕಾಗಿ ಹೊಡೆಯುವ ಹಗುರದವನಿಗೆ ಇದರಿಂದ ಬಾಧೆಯಿಲ್ಲ. 2024ರ ಮೇ 18ರಂದು ರಿಯಾದ್‌ನಲ್ಲಿ ತನಗಿಂತ ಬಹಳ ಭಾರವೂ ಎತ್ತರವೂ ಆಗಿದ್ದ ಟೈಸನ್ ಫ್ಯೂರಿಯನ್ನು ಒಲೆಕ್ಸಾಂಡರ್ ಉಸಿಕ್ ಗೆದ್ದ ಪಂದ್ಯವೂ ಈ ತಿದ್ದುಪಡಿಯ ನಂತರವೇ ಹಲಗೆಯ ಮೇಲೆ ನಂಬುವಂತೆ ಬಂತು.

7. ಕಾಲಪಟ್ಟಿ

ಬಾಕ್ಸರುಗಳು ಸಿದ್ಧರಾದ ಮೇಲೂ ಆಟ ಸಿದ್ಧವಾಗಲಿಲ್ಲ. ಡೆಂಪ್ಸಿಗೂ ಟೈಸನ್‌ಗೂ ಪಂದ್ಯವೆಂದರೆ ಯಾರ ಕಾಲದ ನಿಯಮದಲ್ಲಿ? ಹಲಗೆಯ ಒಂದು ಬದಿಯ ಅಂಚಿನಲ್ಲಿ 14 ಇಂಚು ಉದ್ದ, ಮುಕ್ಕಾಲು ಇಂಚು ಅಗಲದ ತೋಡನ್ನು ಕೊರೆದು, ಅದರೊಳಗೆ ಜಾರಿಸಿ ಕೂರಿಸುವ ಮರದ ಪಟ್ಟಿಗಳನ್ನು ಮಾಡಿದೆ. ಒಂದೊಂದು ಪಟ್ಟಿಯೂ ಒಂದೊಂದು ಕಾಲದ ನಿಯಮ.

1910ರ ಪಟ್ಟಿ ರೀನೊದ ಜಾನ್ಸನ್–ಜೆಫ್ರೀಸ್ ಪಂದ್ಯದಂತೆ 45 ರೌಂಡುಗಳದು, ಹಿಡಿತವನ್ನು ರೆಫರಿ ಬೇಗ ಬಿಡಿಸುವುದಿಲ್ಲ. ಎದುರಾಳಿಯ ತೋಳುಗಳನ್ನು ಹಿಡಿದು ಹೊಡೆತ ಹುಟ್ಟುವ ಮೊದಲೇ ಕಟ್ಟಿಹಾಕುತ್ತಿದ್ದ ಜಾನ್ಸನ್‌ಗೆ ಈ ಪಟ್ಟಿಯಲ್ಲಿ ಬೆಲೆ ಹೆಚ್ಚು. 1919ರ ಪಟ್ಟಿಯಲ್ಲಿ ಕೆಡವಿದವನು ಬಿದ್ದವನ ಪಕ್ಕದಲ್ಲೇ ನಿಂತು, ಅವನು ಏಳುತ್ತಿದ್ದಂತೆ ಮತ್ತೆ ಹೊಡೆಯಬಹುದು. 1927ರ ಪಟ್ಟಿಯಲ್ಲಿ ದೂರದ ಮೂಲೆಗೆ ಹೋಗಿ ನಿಂತ ಮೇಲೆಯೇ ಎಣಿಕೆ ಆರಂಭ. ಅದೇ ವರ್ಷದ ಸೆಪ್ಟೆಂಬರ್ 22ರಂದು ಶಿಕಾಗೊದಲ್ಲಿ ಡೆಂಪ್ಸಿ ಮೂಲೆಗೆ ಹೋಗಲು ತಡಮಾಡಿದ್ದರಿಂದ 7ನೇ ರೌಂಡಿನಲ್ಲಿ ಬಿದ್ದ ಜೀನ್ ಟನ್ನಿಗೆ ಸುಮಾರು 14 ಸೆಕೆಂಡು ಸಿಕ್ಕಿ, ಅವರು ಎದ್ದು ಅಂಕಗಳಿಂದ ಗೆದ್ದರು. ಆಮೇಲಿನದು 15 ರೌಂಡುಗಳ ಪಟ್ಟಿ. ಕೊನೆಯದು ಇಂದಿನ 12 ರೌಂಡು, 10 ಔನ್ಸ್ ಗವಸಿನ ಪಟ್ಟಿ; 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿ ಜೊತೆಗಿನ ಪಂದ್ಯದ 14ನೇ ರೌಂಡಿನಲ್ಲಿ ಬಿದ್ದ ಕೊರಿಯದ ಡುಕ್ ಕೂ ಕಿಮ್ ಸತ್ತ ಬಳಿಕ ಸಂಸ್ಥೆಗಳು ಒಂದೊಂದಾಗಿ 15ರಿಂದ 12ಕ್ಕೆ ಇಳಿದವು.

ಪಟ್ಟಿಯ ಮಹತ್ವ ತಿಳಿಯಬೇಕಾದರೆ ಎರಡು ನಿಜ ಪಂದ್ಯಗಳನ್ನು ನೋಡಿದರೆ ಸಾಕು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ 12 ರೌಂಡು ಮುಗಿದಾಗ ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಜೆರ್ಸಿ ಜೋ ವಾಲ್ಕಾಟ್ ಮುಂದಿದ್ದರು. 13ನೇ ರೌಂಡಿನಲ್ಲಿ ಮಾರ್ಸಿಯಾನೊ ಅವರ ಒಂದು ಬಲಗೈ ಎಲ್ಲವನ್ನೂ ತಿರುವಿಹಾಕಿತು. 1941ರ ಜೂನ್ 18ರಂದು ಲೂಯಿಸ್ ಎದುರು ಬಿಲ್ಲಿ ಕಾನ್ 12 ರೌಂಡಿನ ಹೊತ್ತಿಗೆ ಇಬ್ಬರು ತೀರ್ಪುಗಾರರ ಅಂಕಪಟ್ಟಿಯಲ್ಲಿ ಮುಂದಿದ್ದರು, ಮೂರನೆಯವರದು ಸಮ. ಲೂಯಿಸ್ 13ರಲ್ಲಿ ನಾಕೌಟ್ ಮಾಡಿದರು. ಇಂದಿನ ಪಟ್ಟಿಯನ್ನು ತೋಡಿಗೆ ಜಾರಿಸಿದರೆ ಲೂಯಿಸ್ ಅಂದೇ ಪಟ್ಟ ಕಳೆದುಕೊಳ್ಳುತ್ತಾರೆ, 49ಕ್ಕೆ 49 ಗೆದ್ದ ಮಾರ್ಸಿಯಾನೊ ಎಂಬ ದಾಖಲೆಯೇ ಹುಟ್ಟುವುದಿಲ್ಲ. ಆದ್ದರಿಂದ ನಮ್ಮ ಜಗಲಿಯಲ್ಲಿ ಯಾವುದೇ ಪಂದ್ಯದ ಫಲವನ್ನು ಬರೆದಿಡುವಾಗ ಕಾರ್ಡಿನ ದಿನಾಂಕಗಳ ಪಕ್ಕದಲ್ಲಿ ಪಟ್ಟಿಯ ವರ್ಷವನ್ನೂ ಬರೆಯುವುದು ಕಡ್ಡಾಯ.

8. ಆಡಿಸಿದ ಪಂದ್ಯಗಳು

1919ರ ಡೆಂಪ್ಸಿ, 1988ರ ಟೈಸನ್. ಇಬ್ಬರೂ ನುಗ್ಗುವವರು, ಮೂರು ರೌಂಡು ದಾಟಿದ್ದು ಅಪರೂಪ. 1919ರ ಪಟ್ಟಿಯಲ್ಲಿ ಇಬ್ಬರೂ ಸರಿಸಮ, ಏಕೆಂದರೆ ಮೊದಲು ಕೆಡವಿದವನು ಪಕ್ಕದಲ್ಲೇ ನಿಂತು ಮುಗಿಸುತ್ತಾನೆ. ಇಂದಿನ ಪಟ್ಟಿಯಲ್ಲಿ ಬಿದ್ದವನಿಗೆ ಉಸಿರು ಸಿಗುವುದರಿಂದ ರಕ್ಷಣೆ ಹೆಚ್ಚಿರುವ ಟೈಸನ್ ಸ್ಪಷ್ಟವಾಗಿ ಮೇಲಾಗುತ್ತಾರೆ.

1938ರ ಲೂಯಿಸ್, 1966ರ ಅಲಿ, 15 ರೌಂಡುಗಳ ಪಟ್ಟಿ, 20 ಅಡಿ ಕಣ. ನಾನು ಅತ್ಯಂತ ಆಸೆಯಿಂದ ಕಾದದ್ದು ಇದಕ್ಕೆ. ಹೆಚ್ಚಿನ ಸಲ ಅಲಿ ಅಂಕಗಳಿಂದ ಗೆಲ್ಲುತ್ತಾರೆ, ಆದರೆ ಕೆಳಗೆ ಬೀಳದೆ ಗೆಲ್ಲುವುದು ವಿರಳ. 1963ರಲ್ಲಿ ಹೆನ್ರಿ ಕೂಪರ್, 1971ರ ಕೊನೆಯ ರೌಂಡಿನಲ್ಲಿ ಫ್ರೇಜಿಯರ್ ಎಡಗೈ ಹುಕ್‌ನಿಂದಲೇ ಅಲಿಯನ್ನು ಕೆಡವಿದ್ದರು. ಲೂಯಿಸ್ ಅವರ ಚಿಕ್ಕ ಅಳತೆಯ ಹೊಡೆತಗಳು ಅದೇ ಬಾಗಿಲಲ್ಲಿ ಒಳಹೋಗುತ್ತವೆ. ಕಣವನ್ನು 16 ಅಡಿಗೆ ಇಳಿಸಿದರೆ ಪಂದ್ಯ ಹೆಚ್ಚುಕಡಿಮೆ ಸಮವಾಗುತ್ತದೆ. ಅಲಿಯ ಕಾಲಿಗೆ ನಾಲ್ಕು ಅಡಿ ಜಾಗ ಎಷ್ಟು ಬೆಲೆಬಾಳುತ್ತದೆಂದು ಇದರಿಂದ ನನಗೆ ಮನದಟ್ಟಾಯಿತು.

1973ರ ಫೋರ್ಮನ್ ಎದುರು 1952ರ ಮಾರ್ಸಿಯಾನೊ ಬಹುತೇಕ ಬೇಗ ಸೋಲುತ್ತಾರೆ, ಫ್ರೇಜಿಯರ್ ಸೋತ ಕಾರಣಕ್ಕೇ. ಆದರೆ 8ನೇ ರೌಂಡು ದಾಟಿದ ಪಂದ್ಯಗಳಲ್ಲಿ ಗೆದ್ದವರು ಮಾರ್ಸಿಯಾನೊ. ಜಾನ್ಸನ್ ಮತ್ತು ಲೆನಾಕ್ಸ್ ಲೂಯಿಸ್ ಪಂದ್ಯವನ್ನು 1910ರ ಪಟ್ಟಿಯಲ್ಲಿ ಆಡುವವರಿಗೆ ಎಚ್ಚರಿಕೆ: 45 ರೌಂಡಿಗೆ 270 ಸರದಿಗಳು, ಒಂದು ಸಂಜೆಗೆ ಮುಗಿಯುವುದಿಲ್ಲ.

9. ಕಣಕ್ಕೆ ಬಿಡದವರ ಕಾರ್ಡು

ಕಾಲಾಂತರದ ಪಂದ್ಯಗಳಿಗೆಂದು ಕಟ್ಟಿದ ಆಟದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಒಂದೇ ಕಾಲದ ಇಬ್ಬರ ಪಂದ್ಯ. 1920ರ ದಶಕದಲ್ಲಿ ಡೆಂಪ್ಸಿಯ ಪಟ್ಟಕ್ಕೆ ಯೋಗ್ಯ ಎದುರಾಳಿಯಾಗಿದ್ದ ಹ್ಯಾರಿ ವಿಲ್ಸ್ ಕಪ್ಪು ವರ್ಣೀಯರು. ಒಪ್ಪಂದಕ್ಕೆ ಸಹಿ ಬಿದ್ದರೂ ಪಂದ್ಯ ನಡೆಯಲೇ ಇಲ್ಲ. ಕಪ್ಪು ವರ್ಣೀಯ ಚಾಂಪಿಯನ್ ಜಾನ್ಸನ್ 1915ರಲ್ಲಿ ಹವಾನಾದಲ್ಲಿ ಸೋತ ಮೇಲೆ 1937ರಲ್ಲಿ ಲೂಯಿಸ್‌ಗೆ ಅವಕಾಶ ಸಿಗುವವರೆಗೆ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟಕ್ಕೆ ಕಾದುವ ದಾರಿ ತೆರೆಯಲಿಲ್ಲ. ಬೇರೆ ಕಾಲದವರು ಎದುರಾಗದಿರಲು ಕಾಲ ಕಾರಣ. ಇವರು ಎದುರಾಗದಿರಲು ಮನುಷ್ಯರು ಕಾರಣ. ಅವರ ಕಾರ್ಡಿಲ್ಲದ ಪೆಟ್ಟಿಗೆಯನ್ನು ಪೂರ್ಣವೆಂದು ನಾನು ಕರೆಯಲಾರೆ.

ವಿಲ್ಸ್ ಕಾರ್ಡಿನ ಅಳತೆಗೆ ಅರ್ಜೆಂಟೀನಾದ ಲೂಯಿಸ್ ಫಿರ್ಪೊ ನೆರವಾದರು. 1923ರ ಸೆಪ್ಟೆಂಬರ್ 14ರಂದು ಡೆಂಪ್ಸಿಯನ್ನು ಹಗ್ಗದಾಚೆಗೆ ಉರುಳಿಸಿ, ತಾವು ಮತ್ತೆ ಮತ್ತೆ ಬಿದ್ದು, 2ನೇ ರೌಂಡಿನಲ್ಲಿ ಸೋತವರು ಫಿರ್ಪೊ. ಮರುವರ್ಷ ವಿಲ್ಸ್ ಅವರ ಜೊತೆ 12 ರೌಂಡು ಕಾದಿದರು. ಅಧಿಕೃತ ತೀರ್ಪಿಲ್ಲದ ಆ ಪಂದ್ಯದಲ್ಲಿ ಮೇಲುಗೈ ವಿಲ್ಸ್ ಅವರದೆಂದು ಪತ್ರಿಕೆಗಳು ಬರೆದವು. ಫಿರ್ಪೊ ಕಾರ್ಡನ್ನು ಮೊದಲು ಡೆಂಪ್ಸಿಯೊಂದಿಗೆ ಸರಿಹೊಂದಿಸಿ, ಬಳಿಕ ಅದರ ಎದುರು ವಿಲ್ಸ್ ಅಂಶಗಳನ್ನು ಏರಿಸಿ ಇಳಿಸಿ, ಪಂದ್ಯ 12 ರೌಂಡು ನಡೆದು ವಿಲ್ಸ್ ಮುಂದಿರುವ ತನಕ ತಿದ್ದಿದೆ. ಹೀಗೆ ಬಂದ ವಿಲ್ಸ್ ಎತ್ತರದವರು, ಹಿಡಿತದಲ್ಲಿ ಗಟ್ಟಿ, ದಮ್ಮುಳ್ಳವರು. 1923ರ ಡೆಂಪ್ಸಿಯ ಎದುರು ಅವರು ಮೊದಲ ನಾಲ್ಕು ರೌಂಡು ಉಳಿದರೆ ಗೆಲುವು ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ.

10. ಬಾಕಿ

ಬರಿಗೈ ಕಾಲದ ಪಟ್ಟಿ ಇನ್ನೂ ಆಗಿಲ್ಲ. 1889ರ ಜುಲೈ 8ರಂದು ಮಿಸಿಸಿಪ್ಪಿಯ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸುಲಿವನ್ ಜೇಕ್ ಕಿಲ್ರೇನ್ ಅವರನ್ನು ಗೆದ್ದದ್ದು 75 ರೌಂಡುಗಳ ನಂತರ. ಆ ನಿಯಮದಲ್ಲಿ ರೌಂಡಿಗೆ ಮೂರು ನಿಮಿಷವೆಂಬ ಅಳತೆಯಿಲ್ಲ; ಒಬ್ಬ ಕೆಳಗೆ ಬಿದ್ದರೆ ರೌಂಡು ಮುಗಿಯಿತು, 30 ಸೆಕೆಂಡು ವಿಶ್ರಾಂತಿ, ಬಳಿಕ 8 ಸೆಕೆಂಡಿನೊಳಗೆ ನಡುಗೆರೆಗೆ ಬರಬೇಕು. ಎತ್ತಿ ಒಗೆಯುವುದಕ್ಕೂ ಅವಕಾಶವಿತ್ತು. ನನ್ನ ಆರು ಸರದಿಗಳ ರೌಂಡು ಇಲ್ಲಿ ಕೆಲಸಕ್ಕೆ ಬಾರದು, ಕೋಷ್ಟಕಗಳಲ್ಲಿ ಒಗೆತದ ಫಲಗಳೂ ಇಲ್ಲ. ಒಗೆತದ ಭಾಗವನ್ನು ಗರಡಿಯ ಉಸ್ತಾದರೊಡನೆ ಕೂತು ತುಂಬಿಸುವುದೆಂದು ಮಾತಾಗಿದೆ. ಪಟ್ಟಿಗೆ ಬೇಕಾದ 14 ಇಂಚಿನ ಹಲಸಿನ ತುಂಡನ್ನು ಕೊಯ್ದು ಅಟ್ಟದಲ್ಲಿ ಒಣಗಲು ಇಟ್ಟಿದ್ದೇನೆ. ಈ ಸಲ ಮಳೆ ಹಿಡಿಯುವ ಮೊದಲೇ ಅದಕ್ಕೆ ಅರಗಿನ ಪಾಲಿಶ್ ಹಚ್ಚಬೇಕು.